ಬಾಡಿಗೆ ವಿಮಾನದ ಬಿಲ್ಲಿನಲ್ಲಿರುವ ‘ಕಾರ್ಬನ್ ಆಫ್‌ಸೆಟ್’ ಹಣ ಎಲ್ಲಿಗೆ ಹೋಗುತ್ತದೆ?

ನಿಮ್ಮ ಕಚೇರಿಯವರು ಬೆಂಗಳೂರಿನಿಂದ ಮುಂಬೈಗೆ ಬಾಡಿಗೆ ಜೆಟ್ ಗೊತ್ತುಮಾಡಿದಾಗ ಬಿಲ್ಲಿನ ಕೊನೆಯಲ್ಲಿ ‘ಕಾರ್ಬನ್ ಆಫ್‌ಸೆಟ್’ ಎಂಬ ಹೆಸರಿನಲ್ಲಿ ಸಣ್ಣ ಮೊತ್ತವೊಂದು ಸೇರಿದ್ದನ್ನು ಕಂಡು, ಆ ಹಣದಿಂದ ವಿಮಾನದ ಹೊಗೆ ನಿಜವಾಗಿ ಇಲ್ಲವಾಗುತ್ತದೆಯೇ ಎಂದು ಕೇಳಿದ್ದೀರಿ. ಕಂಪನಿಗಳ ಇಂಗಾಲದ ಲೆಕ್ಕವನ್ನು ಪರಿಶೀಲಿಸುವ ಕೆಲಸವನ್ನು ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿದ್ದು, ಇಂಥ ಬಿಲ್ಲುಗಳನ್ನು ನೋಡಿದ್ದೇನೆ. ಹೊಗೆ ಇಲ್ಲವಾಗುವುದಿಲ್ಲ. ಅಷ್ಟೇ ಪ್ರಮಾಣದ ಹೊಗೆಯನ್ನು ಬೇರೆ ಯಾರೋ ಬೇರೆಲ್ಲೋ ತಪ್ಪಿಸಿದ್ದಾರೆ, ಇಲ್ಲವೇ ಗಾಳಿಯಿಂದ ಹೀರಿ ತೆಗೆದಿದ್ದಾರೆ ಎಂಬ ಪ್ರಮಾಣಪತ್ರವೊಂದನ್ನು ವಿಮಾನ ಕಂಪನಿಯು ನಿಮ್ಮ ಹಣದಲ್ಲಿ ಕೊಳ್ಳುತ್ತದೆ. ಒಂದು ಟನ್ನಿಗೆ ಒಂದು ಪತ್ರ. ಅದಕ್ಕೇ ಕಾರ್ಬನ್ ಕ್ರೆಡಿಟ್ ಎನ್ನುತ್ತಾರೆ.

ಮೊದಲು ಎಷ್ಟು ಟನ್ ಎಂಬುದನ್ನು ನೋಡೋಣ, ಏಕೆಂದರೆ ಅನೇಕ ಬಿಲ್ಲುಗಳು ಇಲ್ಲೇ ತಪ್ಪುತ್ತವೆ. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇಂಧನದ ಇಂಗಾಲಕ್ಕೆ ಗಾಳಿಯ ಆಮ್ಲಜನಕ ಕೂಡಿಕೊಳ್ಳುವುದರಿಂದ ತೂಕ ಹೀಗೆ ಹೆಚ್ಚುತ್ತದೆ. ಲೀಟರಿನಲ್ಲಿ ಹೇಳುವುದಾದರೆ ಸುಮಾರು ಎರಡೂವರೆ ಕಿಲೋ. ಮಧ್ಯಮ ಗಾತ್ರದ ಜೆಟ್ ಗಂಟೆಗೆ 900ರಿಂದ 1,000 ಲೀಟರ್ ಇಂಧನ ಸುಡುತ್ತದೆ ಎಂದಿಟ್ಟುಕೊಂಡರೆ, ಮುಂಬೈವರೆಗಿನ ಒಂದೂವರೆ ಗಂಟೆಯ ಹಾರಾಟಕ್ಕೆ ಮೂರೂವರೆ ಟನ್ನಿನ ಆಸುಪಾಸು ಬರುತ್ತದೆ. ಜಗತ್ತಿನ ಖಾಸಗಿ ಹಾರಾಟಗಳನ್ನೆಲ್ಲ ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾರಾಟವೊಂದರ ಸರಾಸರಿಯನ್ನು 3.6 ಟನ್ ಎಂದೂ 2023ರ ಒಟ್ಟು ಮೊತ್ತವನ್ನು 1.56 ಕೋಟಿ ಟನ್ ಎಂದೂ ಲೆಕ್ಕಹಾಕಿತ್ತು. ಆ ಹಾರಾಟಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 500 ಕಿಲೋಮೀಟರಿಗಿಂತ ಕಡಿಮೆ ದೂರದವು.

ಆದರೆ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ನಿಮ್ಮವರನ್ನು ಹೊತ್ತು ಹೋದ ವಿಮಾನ ಅವರನ್ನು ಮುಂಬೈಯಲ್ಲಿ ಇಳಿಸಿ ಖಾಲಿಯಾಗಿ ಮರಳಿರಬಹುದು. ನಾನು ಪರಿಶೀಲಿಸಿದ ಒಂದು ಲೆಕ್ಕದಲ್ಲಿ ಪ್ರಯಾಣಿಕರಿದ್ದ ಹಾರಾಟ ಮಾತ್ರ ದಾಖಲಾಗಿತ್ತು. ಖಾಲಿ ಮರಳಿಕೆಗೆ ಪ್ರಯಾಣಿಕರೇ ಇಲ್ಲದ ಕಾರಣ ಅದು ಯಾರ ಪಾಲಿಗೂ ಸೇರುವುದಿಲ್ಲ ಎಂಬುದು ಕಂಪನಿಯವರ ವಾದವಾಗಿತ್ತು. ಅದನ್ನು ಸೇರಿಸಿದಾಗ ಮೊತ್ತ ಇಮ್ಮಡಿಯಾಯಿತು. ಬಾಡಿಗೆ ಕೊಟ್ಟವರಿಗಾಗಿಯೇ ಹಾರಿದ ವಿಮಾನದ ಹೊಗೆಯನ್ನು ಅನಾಥವಾಗಿ ಬಿಡುವುದು ನನಗೆ ಈಗಲೂ ಒಪ್ಪಿಗೆಯಾಗದ ಸಂಗತಿ.

ಇನ್ನು ಆ ಪತ್ರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ಹತ್ತಿರದ ಉದಾಹರಣೆಯನ್ನೇ ಕೊಡುತ್ತೇನೆ. ಬೆಂಗಳೂರಿನಿಂದ ನೂರು ಕಿಲೋಮೀಟರಿನಷ್ಟು ದೂರದ ಬಾಗೇಪಲ್ಲಿಯಲ್ಲಿ ಕೂಲಿ ಸಂಘದವರು ಇಂಥ ಕ್ರೆಡಿಟ್‌ಗಳನ್ನು ಕೊಡುವ, ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯ ಅಡಿಯಲ್ಲಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟಿಸುವ ಯೋಜನೆಯೊಂದನ್ನು 2005ರಲ್ಲಿ ನೋಂದಾಯಿಸಿದರು. ಸೌದೆ, ಸೀಮೆಎಣ್ಣೆ ಉರಿಸುವುದು ತಪ್ಪಿದ್ದರಿಂದ ವರ್ಷಕ್ಕೆ ಸುಮಾರು 19,500 ಟನ್ ಹೊಗೆ ಉಳಿತಾಯವಾಗುತ್ತದೆ ಎಂಬುದು ಅದರ ಅಂದಾಜು. ಭಾಗಿಸಿ ನೋಡಿದರೆ ಮನೆಯೊಂದಕ್ಕೆ ವರ್ಷಕ್ಕೆ ಮೂರೂವರೆ ಟನ್. ಅಂದರೆ ಒಬ್ಬ ತಾಯಿ ಮುನ್ನೂರ ಅರವತ್ತೈದು ದಿನ ಬೆಳಿಗ್ಗೆ ಸಗಣಿ ಕಲಸಿ ಘಟಕಕ್ಕೆ ಹಾಕಿ ಅಡುಗೆ ಮಾಡಿದ್ದರಿಂದ ಉಳಿದದ್ದು, ಮುಂಬೈಗೆ ಹೋಗುವ ಒಂದೂವರೆ ಗಂಟೆಗೆ ಸರಿಹೋಗುತ್ತದೆ. ಈ ಲೆಕ್ಕವನ್ನು ಮೊದಲ ಸಲ ಮಾಡಿದ ದಿನ ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಹೊಗೆ ತುಂಬಿದ ಅಡುಗೆಮನೆಗೆ ಹಣ ಸೇರುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆಕೆಯ ಒಲೆ ಬದಲಾಗಿದ್ದರಿಂದ ವಿಮಾನ ಬಿಟ್ಟ ಅನಿಲ ಆಕಾಶದಿಂದ ಕೆಳಗಿಳಿಯುವುದಿಲ್ಲ. ಅದರ ಒಂದು ಪಾಲು ಶತಮಾನಗಳವರೆಗೆ ಅಲ್ಲೇ ಇರುತ್ತದೆ.

ಎಲ್ಲ ಕ್ರೆಡಿಟ್‌ಗಳೂ ಒಂದೇ ತೂಕದವಲ್ಲ. ಕ್ರೆಡಿಟ್ ಹಣ ಬರದಿದ್ದರೆ ಆ ಕೆಲಸ ನಡೆಯುತ್ತಲೇ ಇರಲಿಲ್ಲವೇ ಎಂಬುದು ಮುಖ್ಯ ಪ್ರಶ್ನೆ. ಚಿತ್ರದುರ್ಗದ ಗಾಳಿಯಂತ್ರಗಳೋ ಪಾವಗಡದ ಸೌರ ಫಲಕಗಳೋ ವಿದ್ಯುತ್ ಮಾರಿಯೇ ಲಾಭ ಕಾಣುವಾಗ, ಅಂಥ ಯೋಜನೆಯ ಕ್ರೆಡಿಟ್ ಕೊಂಡರೆ ಹೊಸದಾಗಿ ಏನೂ ಆಗಿರುವುದಿಲ್ಲ. ಇದೇ ಕಾರಣಕ್ಕೆ ಕ್ರೆಡಿಟ್‌ಗಳ ದೊಡ್ಡ ನೋಂದಣಿ ಸಂಸ್ಥೆಯಾದ ವೆರಾ, ಅತಿ ಹಿಂದುಳಿದ ದೇಶಗಳನ್ನು ಬಿಟ್ಟು ಬೇರೆಡೆಯಲ್ಲಿ ಗ್ರಿಡ್‌ಗೆ ವಿದ್ಯುತ್ ಕೊಡುವ ಇಂಥ ಹೊಸ ಯೋಜನೆಗಳನ್ನು ತೆಗೆದುಕೊಳ್ಳದಿರಲು 2019ರಲ್ಲೇ ನಿರ್ಧರಿಸಿತು. ಕಾಡು ಉಳಿಸುವ ಯೋಜನೆಗಳಲ್ಲಿ ಬೆಂಕಿಯ, ಕಡಿತದ ಭಯ ಯಾವಾಗಲೂ ಇದ್ದೇ ಇರುತ್ತದೆ. ಒಲೆ ಬದಲಿಸುವ ಯೋಜನೆಗಳೂ ಹೊರತಲ್ಲ; ಹಲವು ದೇಶಗಳ ಇಂಥ ಯೋಜನೆಗಳನ್ನು ನೋಡಿದ 2024ರ ಅಧ್ಯಯನವೊಂದರಲ್ಲಿ ಕ್ರೆಡಿಟ್‌ಗಳ ಸಂಖ್ಯೆ ವಾಸ್ತವಕ್ಕಿಂತ ಸುಮಾರು ಒಂಬತ್ತು ಪಟ್ಟು ಉಬ್ಬಿತ್ತು. ಒಲೆ ಕೊಟ್ಟರೆ ಸಾಲದು, ಅದು ದಿನವೂ ಉರಿಯುತ್ತಿದೆಯೇ ಎಂದು ಹೋಗಿ ನೋಡಬೇಕು.

ಕೆಲವು ಕಂಪನಿಗಳು ಕ್ರೆಡಿಟ್ ಬದಲಿಗೆ ಬಳಸಿದ ಅಡುಗೆ ಎಣ್ಣೆ ಮೊದಲಾದವುಗಳಿಂದ ತಯಾರಾದ ಸುಸ್ಥಿರ ಇಂಧನದ ಪಾಲನ್ನು ಮಾರುತ್ತವೆ. ನಿಮ್ಮ ವಿಮಾನಕ್ಕೆ ಸಾಮಾನ್ಯ ಇಂಧನವನ್ನೇ ತುಂಬಿಸಿ, ಬೇರೊಂದು ದೇಶದ ನಿಲ್ದಾಣದಲ್ಲಿ ಆ ಇಂಧನ ಬಳಕೆಯಾದ ಶ್ರೇಯಸ್ಸನ್ನು ನಿಮ್ಮ ಹೆಸರಿಗೆ ಬರೆಯುವ ಪದ್ಧತಿಯೂ ಇದೆ. ಒಂದೇ ಲೀಟರನ್ನು ಇಬ್ಬರಿಗೆ ಬರೆಯದಿದ್ದರೆ ಅದು ಪ್ರಾಮಾಣಿಕವೇ. ವಿಮಾನಯಾನದ ಒಳಗಿನ ಇಂಧನವೇ ಬದಲಾಗುವ ಕಾರಣ ನನಗೆ ಈ ದಾರಿ ಹೆಚ್ಚು ಹಿಡಿಸುತ್ತದೆ. ಆದರೆ ಅದು ದುಬಾರಿ, ಮತ್ತು 2024ರಲ್ಲಿ ಜಗತ್ತಿನ ಒಟ್ಟು ವಿಮಾನ ಇಂಧನದಲ್ಲಿ ಅದರ ಪಾಲು ಕೇವಲ ಶೇ 0.3ರಷ್ಟಿತ್ತು.

ಕಾನೂನಿನ ಒತ್ತಾಯ ಇಲ್ಲಿ ಕಡಿಮೆ. ವಿಮಾನ ಕಂಪನಿಗಳು ತಮ್ಮ ಹೊಗೆಗೆ ಕ್ರೆಡಿಟ್ ಕೊಳ್ಳುವಂತೆ ಮಾಡುವ ಕೋರ್ಸಿಯಾ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ದೇಶದೊಳಗಿನ ಹಾರಾಟಗಳಿಗೆ ಅನ್ವಯಿಸುವುದಿಲ್ಲ; ಅಂತರರಾಷ್ಟ್ರೀಯ ಹಾರಾಟಗಳಿಂದ ವರ್ಷಕ್ಕೆ 10,000 ಟನ್ನಿಗಿಂತ ಕಡಿಮೆ ಹೊಗೆ ಬಿಡುವ ಕಂಪನಿಗಳಿಗೂ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಬಿಲ್ಲಿನ ಆ ಸಾಲು ಪೂರ್ತಿ ಸ್ವಇಚ್ಛೆಯದು.

ಆದ್ದರಿಂದ ಕಂಪನಿಗೆ ಒಂದು ಪತ್ರ ಬರೆಯಿರಿ. ಖಾಲಿ ಮರಳಿಕೆ ಸೇರಿ ಎಷ್ಟು ಲೀಟರ್ ಇಂಧನ ಉರಿಯಿತು, ಯಾವ ಯೋಜನೆಯ ಯಾವ ವರ್ಷದ ಕ್ರೆಡಿಟ್ ಕೊಂಡಿರಿ, ಅದನ್ನು ಮತ್ತೆ ಯಾರಿಗೂ ಮಾರಲಾಗದಂತೆ ರಿಜಿಸ್ಟ್ರಿಯಲ್ಲಿ ಯಾರ ಹೆಸರಿನಲ್ಲಿ ‘ರಿಟೈರ್’ ಮಾಡಿಸಿದಿರಿ ಎಂದು ಕೇಳಿ, ಕ್ರಮಸಂಖ್ಯೆಯನ್ನು ತರಿಸಿಕೊಳ್ಳಿ. ವೆರಾ ಮತ್ತು ಅದರಂಥದೇ ಸಂಸ್ಥೆಯಾದ ಗೋಲ್ಡ್ ಸ್ಟ್ಯಾಂಡರ್ಡ್ ಎರಡರ ರಿಜಿಸ್ಟ್ರಿಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ಅದರ ಜೊತೆಗೆ, ಮುಂಬೈಗೆ ದಿನವೂ ಅಷ್ಟೊಂದು ಸಾಮಾನ್ಯ ವಿಮಾನಗಳಿರುವಾಗ ಮುಂದಿನ ಸಲ ಬಾಡಿಗೆ ಜೆಟ್ ಬೇಕೇ ಎಂಬ ಪ್ರಶ್ನೆಯನ್ನು ನಿಮ್ಮ ಕಚೇರಿಯಲ್ಲೂ ಎತ್ತಿ.