ಓದುಗರ ಪ್ರಶ್ನೆ: ಅಪ್ಪನ ಆಸ್ತಿ, ಮಗಳ ಪ್ರೀತಿ

ಫಿಲಿಪ್ಪೀನ್ಸಿನ ಜಿಎಂಎ ವಾಹಿನಿಯ ‘ದಿ ರಿಚ್ ಮ್ಯಾನ್ಸ್ ಡಾಟರ್’ ಸಿರಿವಂತರ ಮಗಳು ಜೇಡ್ ಮತ್ತು ಆಲ್ಥಿಯಾ ಎಂಬ ಹೆಣ್ಣಿನ ಪ್ರೀತಿಯ ಧಾರಾವಾಹಿ. ಅದರ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಅಭಿಮಾನಿಗಳು ಜೋಡಿಸಿದ ತುಣುಕುಗಳನ್ನು ನೋಡಿದೆ. ಜೇಡ್ ಮನೆಯವರು ಬರೀ ಖಳರಂತೆ ಕಂಡರು. ಕಥೆಯೇ ಹಾಗಿದೆಯೇ?

ಉತ್ತರ: ತುಣುಕುಗಳಲ್ಲಿ ಜೇಡ್ (ರಿಯಾನ್ ರಾಮೋಸ್) ಮತ್ತು ಆಲ್ಥಿಯಾ (ಗ್ಲೈಝಾ ಡಿ ಕಾಸ್ಟ್ರೊ) ಇಬ್ಬರೇ ಉಳಿಯುತ್ತಾರೆ, ಮನೆಯೊಳಗಿನ ದೃಶ್ಯಗಳು ಕತ್ತರಿಗೆ ಹೋಗುತ್ತವೆ. ಧಾರಾವಾಹಿಯ ತೂಕ ಇರುವುದೇ ಆ ದೃಶ್ಯಗಳಲ್ಲಿ. 2015ರ ಮೇ 11ರಿಂದ ಆಗಸ್ಟ್ 7ರವರೆಗೆ 13 ವಾರ, ಸೋಮವಾರದಿಂದ ಶುಕ್ರವಾರ ಪ್ರಸಾರವಾದ ಕಥೆ ಇದು. ನಿರ್ದೇಶನ ಡೊಮಿನಿಕ್ ಝಪಾಟಾ. ಜೇಡ್‌ಳದು ಚೀನೀ ಮೂಲದ ಸಿರಿವಂತ ಮನೆತನ. ಇಂಥ ಮನೆಗಳಲ್ಲಿ ಮಕ್ಕಳ ಮದುವೆಗೂ ವ್ಯಾಪಾರಕ್ಕೂ ಗಂಟು ಬಿದ್ದಿರುತ್ತದೆ. ಚೀನೀ ಮೂಲದವರಲ್ಲದ ಗಂಡನ್ನು ಒಪ್ಪದ ಹಳೆಯ ಕಟ್ಟಳೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅಂದರೆ ಹೆಣ್ಣನ್ನು ಪ್ರೀತಿಸುವ ಮೊದಲೇ ಮಗಳ ಆಯ್ಕೆಗೆ ಬೇಲಿ ಇರುತ್ತದೆ. ಮೊದಲ ಕಂತಿನಿಂದ ಕ್ರಮವಾಗಿ ನೋಡಿ. ಹಿಂದಿನ ದಿನದ ಕಥೆ ಮರುಕಳಿಸುವ ಆರಂಭದ ಭಾಗವನ್ನು ಓಡಿಸಿದರೆ ನಷ್ಟವಿಲ್ಲ. ಮನೆಯವರ ಮಾತುಕತೆಯನ್ನು ಮಾತ್ರ ಓಡಿಸಬೇಡಿ.

ಪ್ರಶ್ನೆ: ಮಾತು ಕೇಳದ ಮಗಳಿಗೆ ಆಸ್ತಿ ಕೊಡುವುದಿಲ್ಲ ಎಂದು ಅಪ್ಪ ಹೆದರಿಸುವುದು ಅಲ್ಲಿನ ಕಥೆಗಳಲ್ಲಿ ಮಾಮೂಲು. ಕಾನೂನಿನ ಪ್ರಕಾರ ಅದು ಸಾಧ್ಯವೇ?

ಉತ್ತರ: ಬಾಯಿಮಾತಿನಲ್ಲಿ ಸಾಧ್ಯವಿಲ್ಲ. ಅಲ್ಲಿನ ಸಿವಿಲ್ ಸಂಹಿತೆಯ 888ನೇ ವಿಧಿ ಅಪ್ಪ ಅಥವಾ ಅಮ್ಮನ ಸ್ವತ್ತಿನ ಅರ್ಧವನ್ನು ಔರಸ (ಮದುವೆಯಾದ ದಂಪತಿಗೆ ಹುಟ್ಟಿದ) ಮಕ್ಕಳಿಗೆ ಮೀಸಲಿಡುತ್ತದೆ. ಸಾಲ ತೀರಿಸಿದ ಮೇಲೆ ಅಪ್ಪನ ಪಾಲಿನದು 4 ಕೋಟಿ ಪೆಸೊ ಉಳಿದಿದೆ, ಮಕ್ಕಳು ಇಬ್ಬರು ಎಂದುಕೊಳ್ಳಿ. 2 ಕೋಟಿ ಮಕ್ಕಳದು, ತಲಾ 1 ಕೋಟಿ. ಹೆಂಡತಿ ಬದುಕಿದ್ದರೆ ಒಂದು ಮಗುವಿನಷ್ಟೇ ಪಾಲು, ಅಂದರೆ 1 ಕೋಟಿ, ಉಳಿದರ್ಧದಿಂದ ಆಕೆಗೆ. ಅಪ್ಪ ತನಗೆ ಬೇಕಾದವರಿಗೆ ಬರೆಯಬಹುದಾದದ್ದು ಕೊನೆಯ 1 ಕೋಟಿ ಮಾತ್ರ.

ಮಗಳ ಮೀಸಲು ಪಾಲನ್ನೂ ತಪ್ಪಿಸಬೇಕಾದರೆ ಉಯಿಲು ಬೇಕು, ಅದರಲ್ಲಿ ಕಾನೂನು ಒಪ್ಪುವ ಕಾರಣ ನಮೂದಾಗಿರಬೇಕು. 919ನೇ ವಿಧಿಯ ಪಟ್ಟಿಯಲ್ಲಿ ಹೆತ್ತವರ ಜೀವಕ್ಕೆ ಕೈ ಹಾಕಿದ್ದು, ಹಲ್ಲೆ ಮಾಡಿದ್ದು ಮುಂತಾದವು ಇವೆ. ಹೆಣ್ಣನ್ನು ಪ್ರೀತಿಸಿದ್ದು ಇಲ್ಲ. ಆದರೆ ‘ನಾಚಿಕೆಗೇಡಿನ ಬಾಳು’ ಎಂಬ ಅರ್ಥದ ಒಂದು ಕಾರಣವಿದೆ, ಅಪ್ಪನ ವಕೀಲರು ಹಿಡಿಯುವುದು ಅದನ್ನೇ. ಮಗಳು ಅಲ್ಲಗಳೆದರೆ ರುಜುವಾತು ಮಾಡುವ ಹೊಣೆ ಉಳಿದ ವಾರಸುದಾರರದು. ರುಜುವಾತಾಗದಿದ್ದರೆ ಮೀಸಲು ಪಾಲು ಅವಳಿಗೆ ಮರಳುತ್ತದೆ.

ಹಾಗಾದರೆ ಹೆದರಿಕೆ ಯಾವುದಕ್ಕೆ? ಅಪ್ಪ ಬದುಕಿರುವಾಗ ನಡೆಯುವುದಕ್ಕೆ. ಕಂಪನಿಯ ಹುದ್ದೆ, ಇರುವ ಮನೆ, ಕಾರು, ತಿಂಗಳ ಖರ್ಚು, ಇವನ್ನು ಮರುದಿನವೇ ನಿಲ್ಲಿಸಬಹುದು. ಒಡಹುಟ್ಟಿದವರಿಗೆ ಕೊಟ್ಟ ದಾನ ಮುಂದೆ ಪಾಲಿನ ಲೆಕ್ಕಕ್ಕೆ ಬರುತ್ತದೆ. ಹೊರಗಿನವರಿಗೆ ಸರಿಯಾದ ಬೆಲೆಗೆ ಮಾರಿದ್ದು ಬರುವುದಿಲ್ಲ. ಇಂಥ ಕಥೆ ನೋಡುವಾಗ ಮಗಳಿಗೆ ಸ್ವಂತ ದುಡಿಮೆ ಇದೆಯೇ ಎಂಬುದನ್ನು ಗಮನಿಸಿ. ಮನೆಬಿಟ್ಟು ಹೋಗುವ ದೃಶ್ಯ ನಂಬುವಂತಿರುವುದು ಅಥವಾ ಪೊಳ್ಳಾಗುವುದು ಅದರ ಮೇಲೆ ನಿಂತಿದೆ.

ಪ್ರಶ್ನೆ: ಇಬ್ಬರು ಹೆಂಗಸರಿಗೆ ಅಲ್ಲಿ ಮದುವೆ ಉಂಟೇ? ಮನೆಯವರ ಒತ್ತಾಯಕ್ಕೆ ಗಂಡನ್ನು ಕಟ್ಟಿಕೊಂಡ ಹೆಣ್ಣು ಆಮೇಲೆ ಹೊರಬರಬಹುದೇ?

ಉತ್ತರ: ಮದುವೆ ಇಲ್ಲ. 1987ರ ಕುಟುಂಬ ಸಂಹಿತೆಯ ಮೊದಲ ವಿಧಿಯೇ ಮದುವೆಯನ್ನು ಗಂಡು-ಹೆಣ್ಣಿಗೆ ಕಟ್ಟಿಹಾಕಿದೆ. ಅದನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದದ್ದು 2015ರ ಮೇ ತಿಂಗಳಲ್ಲಿ, ಈ ಧಾರಾವಾಹಿ ಶುರುವಾದ ಮುಂದಿನ ವಾರವೇ. 2019ರ ಸೆಪ್ಟೆಂಬರಿನಲ್ಲಿ ಅದು ವಜಾ ಆಯಿತು.

ಹೊರಬರುವುದು ಇನ್ನೂ ಕಷ್ಟ. ಮುಸ್ಲಿಮರನ್ನು ಬಿಟ್ಟರೆ ಅಲ್ಲಿನವರಿಗೆ ವಿಚ್ಛೇದನದ ಕಾನೂನೇ ಇಲ್ಲ. ಸಲಿಂಗ ಒಲವನ್ನು ಮುಚ್ಚಿಟ್ಟು ಮದುವೆಯಾದದ್ದು ವಂಚನೆ ಎಂದು ಮದುವೆಯನ್ನು ರದ್ದುಮಾಡಿಸಬಹುದು, ಆದರೆ ಆ ಹಕ್ಕು ವಂಚನೆಗೆ ಒಳಗಾದವರದು, ಇಲ್ಲಿ ಗಂಡನದು. ವಿಷಯ ತಿಳಿದ 5 ವರ್ಷದೊಳಗೆ ಅವನು ಅರ್ಜಿ ಹಾಕಬೇಕು. ಎಲ್ಲ ಗೊತ್ತಾದ ಮೇಲೂ ಇಷ್ಟಪಟ್ಟು ಸಂಸಾರ ಮಾಡಿದರೆ ಆ ದಾರಿಯೂ ಮುಚ್ಚುತ್ತದೆ. ಹೆಂಡತಿಗೆ ಉಳಿಯುವುದು ಸಂಸಾರದ ಹೊಣೆ ಹೊರಲಾಗದ ‘ಮಾನಸಿಕ ಅಸಾಮರ್ಥ್ಯ’ ತೋರಿಸುವ 36ನೇ ವಿಧಿಯಂಥ ಖರ್ಚಿನ, ನಿಧಾನದ ದಾರಿ. ಆ ಕಥೆಗಳಲ್ಲಿ ಮದುವೆ ನಿಶ್ಚಯವಾಗುತ್ತಿದ್ದಂತೆ ಉಸಿರುಗಟ್ಟುವುದಕ್ಕೆ ಇದೇ ಕಾರಣ: ಒಮ್ಮೆ ಸಹಿ ಬಿದ್ದರೆ ಅಳಿಸುವುದು ಸುಲಭವಲ್ಲ.

ಪ್ರಶ್ನೆ: ಅಲ್ಲಿನ ಧಾರಾವಾಹಿಗಳಲ್ಲಿ ಕಾಣುವ ‘ಪಿಜಿ’, ‘ಎಸ್‌ಪಿಜಿ’ ಏನು?

ಉತ್ತರ: ಸಿನಿಮಾ-ಟಿವಿ ಪರಿಶೀಲನಾ ಮಂಡಳಿಯ ದರ್ಜೆಗಳು. ‘ಪಿಜಿ’ ಇದ್ದರೆ ಮಕ್ಕಳ ಜೊತೆ ದೊಡ್ಡವರಿರಬೇಕು, ‘ಎಸ್‌ಪಿಜಿ’ ಇದ್ದರೆ ಇನ್ನೂ ಕಟ್ಟುನಿಟ್ಟು. ‘ಎಸ್‌ಪಿಜಿ’ ಜೊತೆ ಬರುವ ಅಕ್ಷರಗಳಲ್ಲಿ ‘ಟಿ’ ವಿಷಯವಸ್ತುವಿಗೆ, ‘ಎಲ್’ ಭಾಷೆಗೆ, ‘ವಿ’ ಅಥವಾ ‘ಕೆ’ ಹಿಂಸೆಗೆ, ‘ಎಸ್’ ಲೈಂಗಿಕ ಸನ್ನಿವೇಶಕ್ಕೆ.