ಐ7 ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ

ಮುಂಬೈ ಪಕ್ಕದ ಮೀರಾ ರೋಡ್‌ನಿಂದ ನೀವು ಕೇಳಿರೋದು ಇಷ್ಟು: ಕೈಯಲ್ಲಿ 60 ಸಾವಿರ ಇದೆ, 1080ಪಿ ಮಾನಿಟರ್ ಮನೆಯಲ್ಲೇ ಇದೆ, ತಮ್ಮ ವ್ಯಾಲರಂಟ್ ಆಡ್ತಾನೆ, ಮುಂದೆ ಜಿಟಿಎ 5, ಸೈಬರ್‌ಪಂಕ್ 2077 ಎಲ್ಲಾ ಆಡಬೇಕಂತೆ. ಹತ್ತಿರದ ಅಂಗಡಿಯವನು ಇಂಟೆಲ್‌ನ ಕೋರ್ ಐ7-4770 ಪ್ರೊಸೆಸರ್, 16 ಜಿಬಿ ರ್ಯಾಮ್, 2 ಜಿಬಿಯ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಇರೋ ಸೆಕೆಂಡ್ ಹ್ಯಾಂಡ್ ಡಬ್ಬವನ್ನು 'ಗೇಮಿಂಗ್ ಪಿಸಿ' ಅಂತ ಅರ್ಧ ದುಡ್ಡಿಗೆ ಕೊಡ್ತೀನಿ ಅಂದಿದ್ದಾನೆ, ತಗೋಬಹುದಾ ಅಂತ.

ಬೇಡ ಮಾರಾಯ್ರೆ.

ಆ ಐ7 ಬಂದಿದ್ದು 2013ರಲ್ಲಿ. 4 ಕೋರ್ (ಲೆಕ್ಕ ಮಾಡೋ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). 2022ರಲ್ಲಿ ಬಂದ ಐ3-12100ಎಫ್‌ನಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್, ಆದರೆ ಗೇಮ್‌ನಲ್ಲಿ ಅದು ಈ ಹಳೇ ಐ7 ಅನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಐ3, ಐ5, ಐ7 ಅನ್ನೋದು ಆಯಾ ವರ್ಷದ ತರಗತಿಯೊಳಗಿನ ರ್‍ಯಾಂಕ್ ಇದ್ದ ಹಾಗೆ, ನೋಡಬೇಕಾದ್ದು ಅದರ ಮುಂದಿನ ನಂಬರ್. ಸಾಲದ್ದಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ, ವಿಂಡೋಸ್ 11 ಒಪ್ಪೋ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 4770 ಇಲ್ಲ. ಇನ್ನು ಜಿಟಿ 1030 ಗೇಮ್‌ಗೆ ಅಂತ ಮಾಡಿದ ಕಾರ್ಡೇ ಅಲ್ಲ. ಸೈಬರ್‌ಪಂಕ್ ಆಸೆ ಬಿಟ್ಟುಬಿಡಿ.

ನಾನೂ ಇಂಥದ್ದೇ ಪೆಟ್ಟು ತಿಂದವನು, ಆದರೆ ನನ್ನದು ಸ್ವಯಂಕೃತ. ಭಾಂಡುಪ್‌ನಲ್ಲಿರೋ ಅಕ್ಕನ ಮಗನ ಹಳೇ ಪಿಸಿಗೆ ಹೊಸ ಕಾರ್ಡ್ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ತಂದು ಹಾಕಿದೆ. ಹೊಸ ನಂಬರ್, ಕಡಿಮೆ ಬೆಲೆ, ಇನ್ನೇನು ಬೇಕು ಅಂತ. ಹುಡುಗ ಎರಡನೇ ದಿನವೇ ಫೋನ್ ಮಾಡಿದ, "ಮಾಮ, ಗೇಮ್ ನಿಂತು ನಿಂತು ಹೋಗ್ತಿದೆ." ಆಮೇಲೆ ಕೂತು ನೋಡಿದರೆ ಗೊತ್ತಾಯ್ತು: ಆ ಕಾರ್ಡ್‌ಗೆ ಮೆಮೊರಿ ಇರೋದೇ 4 ಜಿಬಿ, ಮದರ್‌ಬೋರ್ಡ್ ಜೊತೆ ಮಾತಾಡೋಕೆ 4 ಲೇನ್ (ಡೇಟಾ ಓಡಾಡೋ ದಾರಿ) ಮಾತ್ರ. ಈ ಸಂಪರ್ಕಕ್ಕೆ ಪಿಸಿಐಇ ಅನ್ನುತ್ತಾರೆ, 4.0 ಬೋರ್ಡ್ ಆದರೆ ಹೇಗೋ ನಡೆಯುತ್ತೆ. ಅವನದು 3.0, ಅಂದರೆ ಅದರ ಅರ್ಧ ವೇಗ. ಕಾರ್ಡಿನ ಮೆಮೊರಿ ತುಂಬಿದ ಕೂಡಲೇ ಸಾಮಾನು ರ್ಯಾಮ್‌ನಿಂದ ಬರಬೇಕು, ಬರೋ ದಾರಿ ಇಕ್ಕಟ್ಟು. ಸಂಜೆ ವಿರಾರ್ ಲೋಕಲ್‌ಗೆ ಒಂದೇ ಬಾಗಿಲು ತೆಗೆದ ಹಾಗೆ. ಅಕ್ಕ ಇವತ್ತಿಗೂ ನನಗೆ ಕಂಪ್ಯೂಟರ್ ವಿಷಯ ಕೇಳೋದಿಲ್ಲ.

ನಿಮ್ಮ ಲೆಕ್ಕಕ್ಕೆ ಬರೋಣ. 60 ಸಾವಿರದಲ್ಲಿ ಹೆಚ್ಚಿನ ಪಾಲು ಕಾರ್ಡಿಗೆ ಹೋಗಬೇಕು, ಪ್ರೊಸೆಸರ್ ಹದವಾಗಿದ್ದರೆ ಸಾಕು. ನಾನಾದರೆ ಎಎಂಡಿ ಕಂಪನಿಯ ರೈಜನ್ 5 5600 ತಗೋತೀನಿ, 6 ಕೋರ್, 12 ಥ್ರೆಡ್, 65 ವ್ಯಾಟ್, ಡಬ್ಬದಲ್ಲೇ ಫ್ಯಾನ್ ಬರುತ್ತೆ. ಜೊತೆಗೆ ಬಿ550 ಮದರ್‌ಬೋರ್ಡ್. ಇಂಟೆಲ್ ಬೇಕಂದ್ರೆ ಐ5-12400ಎಫ್, ತಪ್ಪೇನಿಲ್ಲ, ಕೊನೆಯ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ ಅಷ್ಟೇ. 5600 ಅಂದಾಗ 5500 ಕೊಟ್ಟು ಕಳಿಸ್ತಾರೆ, ಹುಷಾರು. ನೋಡೋಕೆ ಒಂದೇ ಥರ, ಆದರೆ 5500ರಲ್ಲಿ ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 32 ಎಂಬಿ ಬದಲು 16 ಎಂಬಿ, ಮತ್ತೆ ಅದೇ ಪಿಸಿಐಇ 3.0.

ಕಾರ್ಡ್ ಆರ್‌ಎಕ್ಸ್ 6600, ಸ್ಟಾಕ್ ಸಿಕ್ಕರೆ. 8 ಜಿಬಿ, 132 ವ್ಯಾಟ್, 1080ಪಿಗೆ ಹೇಳಿ ಮಾಡಿಸಿದ್ದು. ದುಡ್ಡು ಇನ್ನೊಂದಿಷ್ಟು ಎಳೆದಾಡಿದರೆ ಆರ್‌ಟಿಎಕ್ಸ್ 4060. ಆರ್‌ಟಿಎಕ್ಸ್ 3050 ಅಂತ ಯಾರಾದರೂ ಹೇಳಿದರೆ 'ಎಷ್ಟು ಜಿಬಿ' ಅಂತ ಕೇಳಿ, ಯಾಕಂದ್ರೆ ಅದೇ ಹೆಸರಲ್ಲಿ 8 ಜಿಬಿಯದ್ದೂ ಇದೆ, 2024ರಲ್ಲಿ ಬಂದ 6 ಜಿಬಿಯದ್ದೂ ಇದೆ, 6 ಜಿಬಿಯದರಲ್ಲಿ ಕೋರ್‌ಗಳೇ ಕಡಿಮೆ. ಅದಕ್ಕೆ ಬೇರೆ ಪವರ್ ಕೇಬಲ್ ಬೇಕಾಗಿಲ್ಲ ಅನ್ನೋದೊಂದೇ ಲಾಭ. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಆಸೆ ಆಗುತ್ತೆ ಅಲ್ವಾ, ಆದರೆ 5600ರಂಥ ಪ್ರೊಸೆಸರ್ ಜೊತೆ ಹಾಕಿದರೆ ಕೆಲವು ಗೇಮ್‌ಗಳಲ್ಲಿ ಅದರ ಓಟ ಕುಗ್ಗುತ್ತೆ.

ತಮ್ಮ ಬರೀ ವ್ಯಾಲರಂಟ್ ಆಡೋದಾದರೆ ಇಷ್ಟೆಲ್ಲ ಬೇಡ, ಅದಕ್ಕೆ ಕಾರ್ಡಿಗಿಂತ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್ ಉಲ್ಟಾ.

ರ್ಯಾಮ್ 16 ಜಿಬಿ ಸಾಕು, ಆದರೆ 8ರ ಎರಡು ಕಡ್ಡಿ ಹಾಕಿಸಿ. 16ರ ಒಂದೇ ಕಡ್ಡಿ ಹಾಕಿದರೆ ಅರ್ಧ ದಾರಿ ಮುಚ್ಚಿದ ಹಾಗೆ. ರ್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿರೋದರಿಂದ ಮೊದಲು ಅದರ ರೇಟ್ ಕೇಳಿ, ಉಳಿದದ್ದನ್ನು ಆಮೇಲೆ ಕೂಡಿಸಿ.

ಅಂಗಡಿ ಅಂದರೆ ಮುಂಬೈನ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡ್. ಫಾಸ್ಟ್ ಲೋಕಲ್ ಗ್ರ್ಯಾಂಟ್ ರೋಡ್‌ನಲ್ಲಿ ನಿಲ್ಲೋದಿಲ್ಲ, ಸ್ಲೋ ಹಿಡಿದು ಪೂರ್ವಕ್ಕೆ ಇಳಿಯಿರಿ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಮೂರು ನಾಲ್ಕು ಕಡೆ ಕೊಟೇಶನ್ ಬರೆಸಿಕೊಳ್ಳಿ, ಕೊಂಡುಕೊಳ್ಳೋ ಮುಖ ತೋರಿಸಬೇಡಿ. ನನಗೆ ಕೊಟ್ಟ ಒಂದು ಚೀಟಿ ಇನ್ನೂ ನೆನಪಿದೆ. ಪ್ರೊಸೆಸರ್, ಕಾರ್ಡ್, ರ್ಯಾಮ್ ಎಲ್ಲದರ ಹೆಸರು ನಂಬರ್ ಸಮೇತ ಚಂದವಾಗಿ ಬರೆದಿದ್ದ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬ) ಮುಂದೆ ಮಾತ್ರ ಬರೀ '500 ವ್ಯಾಟ್'. ಯಾವ ಕಂಪನಿದು ಅಂತ ಹಿಂದಿಯಲ್ಲಿ ಕೇಳಿದ್ದಕ್ಕೆ "ಅಚ್ಛಾವಾಲಾ ಹೈ" ಅಂದ. ಎಲ್ಲಿ ಕಂಪನಿ ಹೆಸರಿಲ್ಲವೋ ಅಲ್ಲೇ ಅವರ ಲಾಭ ಅಡಗಿರೋದು. 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಅನ್ನೋ ದಕ್ಷತೆಯ ಗುರುತು ಇರೋ, ಹೆಸರು ಕೇಳಿರೋ ಕಂಪನಿಯ ಎಸ್‌ಎಂಪಿಎಸ್ ಅಂತ ಬರೆಸಿ. ಆರ್‌ಜಿಬಿ ಲೈಟ್ ಇರೋ ಕ್ಯಾಬಿನೆಟ್‌ಗೆ ಅಂತ ಈ ದುಡ್ಡಿಗೆ ಕೈ ಹಾಕಬೇಡಿ. ತಮ್ಮ ಮುಖ ಊದಿಸಿದರೂ ಪರವಾಗಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಂಡರೆ ಅಂಗಡಿಯಲ್ಲೇ ಹಾಕಿಸಿ, ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಹಳೇ ಕಾರ್ಡಿಗೆ ಬಯಾಸ್ (ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಬದಲಿಸಿ ಹೊಸ ಹೆಸರು ಕೊಟ್ಟು ಮಾರೋದುಂಟು. ಅಂಥದ್ದಕ್ಕೆ ಅದು ಸಾಮಾನ್ಯವಾಗಿ 'ಫೇಕ್' ಅಂತ ಮುಂದೆ ಬರೆದು ತೋರಿಸುತ್ತೆ.

ಮನೆಗೆ ತಂದ ಮೇಲೆ ಮಾನಿಟರ್ ಕೇಬಲ್ ಅನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಮತ್ತೆ ಬಿಲ್ ಕೈಗೆ ಬಂದ ಕೂಡಲೇ ಫೋಟೋ ತೆಗೆದಿಡಿ. ವಾರಂಟಿ ಹೆಚ್ಚಿನವಕ್ಕೆ 3 ವರ್ಷ ಇರುತ್ತೆ, ಆ ನುಣುಪು ಕಾಗದದ ಬಿಲ್ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಕಳೆಯೋದರಲ್ಲಿ ಬಿಳಿ ಹಾಳೆ ಆಗಿತ್ತು.