ಓದುಗರ ಪ್ರಶ್ನೆ: ಸೊಪ್ಪಿನಬೆಟ್ಟದಲ್ಲಿ ಕಟ್ಟಬಹುದಾದ ಅಧ್ಯಯನ ಬಳಗ

ಪ್ರಶ್ನೆ: ನಾನು ಶಿರಸಿ ಕಡೆಯ ಪದವಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಅರ್ಥಶಾಸ್ತ್ರ ಮತ್ತು ಕನ್ನಡ ವಿಭಾಗದ ಇಬ್ಬರು ಸಹೋದ್ಯೋಗಿಗಳು ಹಾಗೂ ಕೆಲವು ಅಡಿಕೆ ಬೆಳೆಗಾರರ ಜೊತೆ ಸೇರಿ, ಜನ ಮತ್ತು ನಿಸರ್ಗದ ಸಂಬಂಧವನ್ನು ಅಧ್ಯಯನ ಮಾಡುವ ಬಳಗವನ್ನು ಕಟ್ಟಬೇಕೆಂದಿದ್ದೇವೆ. ಮೊದಲು ಸಂಘವನ್ನು ನೋಂದಾಯಿಸಬೇಕೇ, ವಿಚಾರ ಸಂಕಿರಣ ಏರ್ಪಡಿಸಬೇಕೇ, ಅನುದಾನಕ್ಕೆ ಅರ್ಜಿ ಹಾಕಬೇಕೇ?

ಉತ್ತರ: ಈ ಮೂರನ್ನೂ ಒಂದೆರಡು ವರ್ಷ ಮುಂದಕ್ಕೆ ಹಾಕಿ ಎಂಬುದು ನನ್ನ ಸಲಹೆ. ನಾನು ಸದಸ್ಯನಾಗಿದ್ದ ಬಳಗವೊಂದರಲ್ಲಿ ಮೊದಲ ಸಭೆಯಲ್ಲೇ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿಗಳ ಆಯ್ಕೆಯಾಯಿತು. ಬೈಲಾ ತಿದ್ದುವುದರಲ್ಲೇ ಒಂದು ಮಳೆಗಾಲ ಕಳೆಯಿತು. ಯಾವ ಪ್ರಶ್ನೆಗೆ ಉತ್ತರ ಹುಡುಕಲು ಸೇರಿದ್ದೇವೆ ಎಂಬುದು ಇತ್ಯರ್ಥವಾಗದೆ ಜನ ಚದುರಿಹೋದರು. ಆ ನೋವು ನನಗೆ ಇಂದಿಗೂ ಇದೆ. ಬಳಗವನ್ನು ಹಿಡಿದಿಡುವುದು ಒಂದು ಪ್ರಶ್ನೆ, ಮತ್ತು ಅದು ಊರಿನವರು ತಾವಾಗಿಯೇ ಕೇಳಿಕೊಳ್ಳುತ್ತಿರುವ ಪ್ರಶ್ನೆಯಾಗಿರಬೇಕು.

ನಿಮ್ಮ ಸೀಮೆಯಲ್ಲಿ ಅಂಥದ್ದು ಕಣ್ಣೆದುರಿಗೇ ಇದೆ. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ದೊರೆಯಿತು. ನೆಲ ಸರ್ಕಾರದ್ದು, ಸೊಪ್ಪು, ತರಗೆಲೆ, ಉರುವಲು ತೆಗೆಯುವ ಅವಕಾಶ ತೋಟದವರದ್ದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತದೆ. ಹೀಗೆ ಕಾಡು, ದನ, ತೋಟ, ಕೂಲಿ, ಕಾನೂನು ಎಲ್ಲವೂ ಒಂದೇ ಹೊರೆ ಸೊಪ್ಪಿನಲ್ಲಿ ಕೂಡಿಕೊಂಡಿರುವಾಗ, ನಿಮ್ಮ ಮೂರು ವಿಭಾಗಗಳಲ್ಲಿ ಯಾವುದೊಂದೂ ಅದನ್ನು ಒಂಟಿಯಾಗಿ ಅರ್ಥಮಾಡಿಕೊಳ್ಳಲಾರದು. ನೀವು ಜೊತೆಗೂಡಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಮೊದಲ ವರ್ಷ ನಾಲ್ಕೈದು ಬೆಟ್ಟಗಳನ್ನಷ್ಟೇ ಆರಿಸಿಕೊಳ್ಳಿ; ಮರ ದಟ್ಟವಾಗಿರುವುದೂ ಬೋಳಾಗಿರುವುದೂ ಅವುಗಳಲ್ಲಿರಲಿ. ತೂಗುತಕ್ಕಡಿಯೊಂದನ್ನು ಒಯ್ದು, ಇಳಿಸಿದ ಪ್ರತಿ ಹೊರೆಯನ್ನೂ ತೂಗಿ, ಅದರಲ್ಲಿ ಮತ್ತಿ ಎಷ್ಟು, ಹೊನ್ನೆ ಎಷ್ಟು, ನೇರಲೆ ಎಷ್ಟು ಎಂದು ಬಿಡಿಸಿ ಬರೆದುಕೊಳ್ಳಿ. ನಿಮ್ಮ ವಿದ್ಯಾರ್ಥಿಗಳು ಕಡಿದ ಕೊಂಬೆಗಳಲ್ಲಿ ಚಿಗುರು ಎಣಿಸಲಿ. ಅರ್ಥಶಾಸ್ತ್ರದವರು ಆಳಿನ ಕೂಲಿ ಮತ್ತು ಕೊಂಡ ಗೊಬ್ಬರದ ಲೆಕ್ಕ ಹಿಡಿಯಲಿ. ಕನ್ನಡದವರು ಸೊಪ್ಪಿನ ಬಗೆಗಳಿಗೆ ಊರಿನಲ್ಲಿರುವ ಹೆಸರುಗಳನ್ನೂ, ಬೆಟ್ಟದ ಗಡಿಗಾಗಿ ನಡೆದ ವ್ಯಾಜ್ಯಗಳನ್ನೂ ಹಿರಿಯರ ಬಾಯಿಂದ ಕೇಳಿ ಬರೆಯಲಿ. ಸೊಪ್ಪು ಹೊರುವವರಲ್ಲಿ ಕೂಲಿಗೆ ಬರುವವರೂ ಇರುತ್ತಾರೆ. ಅವರನ್ನು ಕೇಳದೆ ತೋಟದ ಯಜಮಾನರನ್ನಷ್ಟೇ ಕೇಳಿದರೆ ನಿಮ್ಮ ಅಧ್ಯಯನ ಅರ್ಧವಾಗುತ್ತದೆ. ತಿಂಗಳ ಸಭೆಯನ್ನು ಕಾಲೇಜಿನಲ್ಲಿ ಮಾಡದೆ ಯಾರದಾದರೂ ಮನೆಯ ಜಗಲಿಯಲ್ಲಿ ಮಾಡಿ, ಆವರೆಗೆ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿ. ತಪ್ಪುಗಳು ಅಲ್ಲಿಯೇ ಹೊರಬೀಳುತ್ತವೆ.

ಇದೇ ಜಿಲ್ಲೆಯ ಹಳೆಯ ನಿದರ್ಶನವೊಂದನ್ನು ಹೇಳಲೇಬೇಕು. 1970ರ ದಶಕದಲ್ಲಿ ಕಾಗದ ಕಾರ್ಖಾನೆಗೆ ಪೂರೈಕೆಯಾಗುತ್ತಿದ್ದ ಬಿದಿರು ಕ್ಷೀಣಿಸತೊಡಗಿದಾಗ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಅದರ ಕಾರಣ ಹುಡುಕಲು ಉತ್ತರ ಕನ್ನಡದ ಕಾಡುಗಳಿಗೆ ಬಂದರು. ಮೆಳೆಯ ಬುಡದಲ್ಲಿ ಹೆಣೆದುಕೊಂಡಿರುವ ಮುಳ್ಳನ್ನು ಸವರಿದರೆ ಬಿದಿರು ಸಲೀಸಾಗಿ ಬೆಳೆಯುತ್ತದೆಂದು ಆಗ ಹಾಗೆಯೇ ಮಾಡಲಾಗುತ್ತಿತ್ತು. ಹಳ್ಳಿಯವರ ಮಾತು ಬೇರೆಯಿತ್ತು: ಮುಳ್ಳಿನ ಹೊದಿಕೆ ಹೋದರೆ ಎಳೆಯ ಕಳಲೆ ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭದ ಮೇವಾಗುತ್ತದೆ ಎಂದು ಅವರು ಹೇಳುತ್ತಿದ್ದರು. ಸಂಶೋಧಕರು ಆ ಮಾತನ್ನು ಕಾಡಿನಲ್ಲಿಯೇ ಪರೀಕ್ಷಿಸಿದಾಗ ಹಳ್ಳಿಯವರು ಹೇಳಿದ್ದೇ ಸರಿಯೆಂದು ಕಂಡುಬಂತು. ಮುಂದೆ 1983ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ರೂಪುಗೊಂಡಿತು. ಪ್ರಶ್ನೆ ಮತ್ತು ತಿರುಗಾಟ ಮೊದಲು ಬಂದವು, ಕೇಂದ್ರದ ಫಲಕ ಆಮೇಲೆ ಬಂತು ಎಂಬ ಈ ಕ್ರಮವನ್ನು ದಯವಿಟ್ಟು ಗಮನಿಸಿ.

ಪ್ರಶ್ನೆ: ನಾನು ಚಾಮರಾಜನಗರ ಜಿಲ್ಲೆಯ ಸ್ನಾತಕೋತ್ತರ ವಿದ್ಯಾರ್ಥಿ. ಹಿರಿಯರು ಹೇಳುವ ಕಾಡಿನ ತಿಳಿವಳಿಕೆಯನ್ನು ಸಂಶೋಧನೆಯಲ್ಲಿ ಬಳಸಿದರೆ ಅದು ವಿಜ್ಞಾನವಲ್ಲ ಎನ್ನುತ್ತಾರೆ. ಏನು ಉತ್ತರ ಕೊಡಲಿ?

ಉತ್ತರ: ನಿಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನೇ ತೋರಿಸಿ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಬೇಸಾಯವೂ, ಬೇಸಿಗೆಯ ಆರಂಭದಲ್ಲಿ ಅವರು ಹಾಕುತ್ತಿದ್ದ ‘ತರಗು ಬೆಂಕಿ’ಯೂ ನಿಂತವು. ನೆಲದ ಒಣ ಎಲೆಯನ್ನಷ್ಟೇ ಸುಟ್ಟು ಸಾಗುವ ಸಣ್ಣ ಬೆಂಕಿ ಅದು. ಬೆಂಕಿ ನಿಂತದ್ದರಿಂದಲೇ ಲಂಟಾನ ಎಂಬ ಹೊರನಾಡಿನ ಪೊದೆಗಿಡ ಮಿತಿಮೀರಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎಂಬುದು ಸೋಲಿಗ ಹಿರಿಯರ ಮಾತು. ಮರದ ಮೇಲೆ ಬೆಳೆದು ಅದರ ಸಾರ ಹೀರುವ ಈ ಬಂದಳಿಕೆಯನ್ನು ಅವರು ‘ಉಪ್ಪಿಲು’ ಎನ್ನುತ್ತಾರೆ. ಬೆಂಗಳೂರಿನ ಏಟ್ರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ್ದ ತಾಣಗಳನ್ನು 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಕಂಡುಬಂದ ತಾಣಗಳ ಸಂಖ್ಯೆ ಸುಮಾರು ಇಮ್ಮಡಿಯಾಗಿತ್ತು. ಲಂಟಾನ ಎಷ್ಟು ಹೆಚ್ಚಿತು ಎಂಬುದನ್ನು ಅಳತೆ ಹೇಳಿತು. ಏಕೆ ಹೆಚ್ಚಿರಬಹುದು ಎಂಬ ವಿವರಣೆ ಸೋಲಿಗರಿಂದ ಬಂತು, ಮತ್ತು ಅದು ಪರೀಕ್ಷಿಸಬಹುದಾದ ವಿವರಣೆ. ಎಲ್ಲ ಕಾಡಿಗೂ ಬೆಂಕಿ ಹಿತವೆಂದು ಇದರಿಂದ ಸಾಧಿಸಲು ಹೋಗಬೇಡಿ. ಹಿರಿಯರ ಮಾತನ್ನು ಪರೀಕ್ಷೆಯಿಲ್ಲದೆ ಪೂಜಿಸುವುದು, ಕೇಳದೆಯೇ ತಳ್ಳಿಹಾಕುವುದು, ಎರಡೂ ಅವರಿಗೆ ತೋರುವ ಅಗೌರವವೇ.

ಅಲ್ಲಿ ಸೋಲಿಗರು ಮಾಹಿತಿ ಕೊಟ್ಟು ಸುಮ್ಮನಾಗಲಿಲ್ಲ ಎಂಬುದೂ ಮುಖ್ಯ. ಕೊಯ್ಲಿಗೆ ಮುಂಚೆ ಕಾಡು ಸುತ್ತಿ ನೆಲ್ಲಿಯ ಫಸಲನ್ನು ಅಂದಾಜು ಮಾಡುವ ಕೆಲಸದಲ್ಲಿ ಅವರು ಸಂಶೋಧಕರ ಜೊತೆಗಾರರಾಗಿದ್ದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಸೋಲಿಗರ ಹಲವು ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಆದ್ದರಿಂದ ನಿಮ್ಮ ಪ್ರಬಂಧದ ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ ಹೋದರೆ, ಕನ್ನಡದ ಒಂದು ಪ್ರತಿ ಪೋಡಿನ ಗ್ರಾಮಸಭೆಗೂ ಹೋಗಬೇಕು.

ಪ್ರಶ್ನೆ: ಊರಿನ ನಾಟಿ ವೈದ್ಯರು ಹೇಳಿದ ಔಷಧಿ ಗಿಡಗಳ ವಿವರವನ್ನು ನಮ್ಮ ಬಳಗ ಪ್ರಕಟಿಸಬಹುದೇ?

ಉತ್ತರ: ಅವರ ಒಪ್ಪಿಗೆಯಿಲ್ಲದೆ ಬೇಡ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ದಾಖಲಾತಿಯನ್ನು ಮೊದಲು ನೋಡಿ, ಸಮಿತಿಯವರ ಜೊತೆಯಲ್ಲೇ ಕುಳಿತು ಮುಂದಿನದನ್ನು ನಿರ್ಧರಿಸಿ. ವೈದ್ಯರಿಗೆ ನೀವು ಬರೆದದ್ದನ್ನು ಪೂರ್ತಿ ಓದಿ ಹೇಳಿ. ಯಾವುದನ್ನು ಅಚ್ಚು ಮಾಡಬಾರದೆಂದು ಅವರು ಹೇಳುತ್ತಾರೋ ಅದನ್ನು ಅವರ ಎದುರಿನಲ್ಲೇ ಹೊಡೆದುಹಾಕಿ, ಉಳಿದದ್ದರ ಕೆಳಗೆ ಅವರು ಬಯಸಿದರೆ ಅವರ ಹೆಸರನ್ನು ಸೇರಿಸಿ.